ಮೊದಲ ವೀಳ್ಯ

ನಮ್ಮ ಪಕ್ಷದ ಕಾರ್ಯದರ್ಶಿ ಕುಳಿತದ್ದನ್ನು ನಾನು ಕಂಡದ್ದೇ ಇಲ್ಲ. ಭಾಷಣ ಕೇಳುವಾಗಲೂ ಹೆಗಲ ಮೇಲಿನ ವಲ್ಲಿಯನ್ನು ಹಿಂಡುತ್ತ ಕಂಬದ ಪಕ್ಕ ನಿಂತಿರುತ್ತಿದ್ದರು. "ಕೂತ್ಕೊಳ್ರೀ" ಅಂದರೆ, "ಕೂತ್ರೆ ಕೆಲ್ಸ ಆಗುತ್ತೇನೋ?" ಎನ್ನುವರು.

ಆ ವರ್ಷ ಜಿಲ್ಲಾ ಬೋರ್ಡಿನ ಅಧ್ಯಕ್ಷ ಸ್ಥಾನಕ್ಕೆ ಪಕ್ಷ ಒಬ್ಬರನ್ನು ನಿಲ್ಲಿಸಬೇಕಿತ್ತು. ಕಡೂರು, ತರೀಕೆರೆ, ಅಜ್ಜಂಪುರ ಸುತ್ತಿ, ಜಗಳ ಬಿಡಿಸಿ ಎಲ್ಲರನ್ನೂ ಒಂದು ಮಾಡಿದ್ದು ಇವರೇ. ಹಾಗಾಗಿ ಇವರನ್ನೇ ನಿಲ್ಲಿಸುವುದೆಂದು ಪಕ್ಷದ ಹಿರಿಯರು ಒಳಗೊಳಗೇ ನಿಶ್ಚಯಿಸಿದ್ದರು. ಇವರಿಗೂ ಅದರ ಸುಳಿವಿತ್ತು.

ಅಜ್ಜಂಪುರದಲ್ಲಿ ಸಭೆ ಸೇರಿತು. ನಮ್ಮ ಪಕ್ಷದಲ್ಲಿ ಹೆಸರು ಕೂಗುವ ರೂಢಿಯಿರಲಿಲ್ಲ. ಮೊದಲ ವೀಳ್ಯ ಯಾರ ಕೈ ಸೇರಿತೋ ಅವರೇ ಅಭ್ಯರ್ಥಿ. ಹಿರಿಯರೊಬ್ಬರು ವೀಳ್ಯದ ತಟ್ಟೆ ತರಿಸಿ, ಎರಡು ಮಾತಾಡೋಣವೆಂದು ಗಂಟಲು ಸರಿಮಾಡಿಕೊಂಡರು. ಕೆಮ್ಮು ನಿಲ್ಲಲೇ ಇಲ್ಲ. ಪ್ರತಿ ಸಭೆಯಲ್ಲೂ ಕೊನೆಗೆ ತಾಂಬೂಲ ಹಂಚುತ್ತಿದ್ದವರು ಕಾರ್ಯದರ್ಶಿಯೇ. ಕೈ ಸುಮ್ಮನಿರಲಿಲ್ಲ. "ಕೊಡಿ ಇಲ್ಲಿ, ನಾನ್ ಹಂಚ್ತೀನಿ" ಎಂದು ತಟ್ಟೆ ಎತ್ತಿಕೊಂಡವರೇ, ಹತ್ತಿರ ಕೂತಿದ್ದ ತರೀಕೆರೆಯ ವಕೀಲರ ಕೈಗೆ ವೀಳ್ಯ ಇಟ್ಟುಬಿಟ್ಟರು.

ಸಭೆಯೆಲ್ಲ ಚಪ್ಪಾಳೆ. ವಕೀಲರು ಬೆರಗಾಗಿ ಎದ್ದು ಕೈಮುಗಿದರು. ಕೊಟ್ಟ ವೀಳ್ಯವನ್ನು ವಾಪಸು ಕೇಳುವುದುಂಟೇ? ಹಿರಿಯರು ತೆರೆದ ಬಾಯಿ ಮುಚ್ಚಿದರು. ಕಾರ್ಯದರ್ಶಿ ಮಿಕ್ಕವರಿಗೂ ಹಂಚಿ, ಬರಿದಾದ ತಟ್ಟೆ ಹಿಡಿದು ನಿಂತರು.

ಕಡೂರಿಗೆ ಹಿಂದಿರುಗುವ ರೈಲು ಖಾಲಿಯಿತ್ತು. ಬೀರೂರು ದಾಟಿದರೂ ಅವರು ಬಾಗಿಲ ಸರಳು ಹಿಡಿದೇ ಇದ್ದರು.

"ಈಗ್ಲಾದ್ರೂ ಕೂತ್ಕೊಳ್ರೀ" ಅಂದೆ.

ಅವರು ತಿರುಗಲಿಲ್ಲ.

"ಆಗ ಕೂತಿದ್ರೆ ಕೆಲ್ಸ ಆಗ್ತಿತ್ತು ಕಣೋ."