ಹೋಟಗಿಯಲ್ಲಿ ನಿಂತ ಗಾಡಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕಚೇರಿಯವರು ಹೇಳುತ್ತಾರೆ. ಸುಳ್ಳಲ್ಲ. ಸೊಲ್ಲಾಪುರದ ಊರಾಚೆ ಒಂದು ವಿಶ್ವವಿದ್ಯಾಲಯವಿದೆ. ಅಲ್ಲಿ ಸಮಾಜಶಾಸ್ತ್ರದ ಎಂ.ಎ. ಕಲಿಸುವ ವಿಭಾಗಕ್ಕೆ ಸಂಕುಲ ಎನ್ನುತ್ತಾರೆ. ಆ ಸಂಕುಲದ ಹೆಡ್ ಕ್ಲಾರ್ಕ್ ನಾನು, ಮಂಜರಿ. ಮನೆ ವಿಜಾಪುರ ರಸ್ತೆಯಲ್ಲಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸಿಟ್ಟು ಬಂದಾಗ ಎರಡೂ. ಹಾಜರಿ ಮಸ್ಟರು ನನ್ನ ಟೇಬಲ್ಲಿನ ಮೇಲಿರುತ್ತದೆ. ಹತ್ತೂಕಾಲಿಗೆ ಸರಿಯಾಗಿ ಅದನ್ನು ಮುಚ್ಚುತ್ತೇನೆ. ಆಮೇಲೆ ಬಂದವರ ಹೆಸರಿನ ಮುಂದೆ ಕೆಂಪು ಗೆರೆ ಎಳೆಯುತ್ತೇನೆ. ಮೂರು ಕೆಂಪು ಗೆರೆಗೆ ಒಂದು ಸೂಟಿ ಕಟ್, ಅಂದರೆ ಒಂದು ದಿನದ ರಜೆ ಹೋಯಿತು. ಈ ನಿಯಮ ನಾನು ಮಾಡಿದ್ದಲ್ಲ, ಆದರೆ ಅದನ್ನು ನನ್ನಷ್ಟು ಪ್ರೀತಿಯಿಂದ ಪಾಲಿಸಿದವರು ಇನ್ನೊಬ್ಬರಿಲ್ಲ.

ಆ ಮಸ್ಟರಿನಲ್ಲಿ ಎಲ್ಲರಿಗಿಂತ ಹೆಚ್ಚು ಕೆಂಪು ಬಿದ್ದದ್ದು ಜನಾಬಾಯಿಯ ಹೆಸರಿಗೆ. ಆಕೆ ನಮ್ಮ ಸಂಕುಲದ ಶಿಪಾಯಿ, ಅಂದರೆ ಪ್ಯೂನ್. ದುಧನಿಯವಳು. ಅಲ್ಲಿನ ಬುದ್ಧವಿಹಾರದ ಹಿಂದೆ ಮನೆ. ಗಂಡ ಜಟ್ಟೆಪ್ಪ ದುಧನಿ ಮಾರ್ಕೆಟ್ ಯಾರ್ಡಿನಲ್ಲಿ ತೊಗರಿಚೀಲ ಹೊರುತ್ತಿದ್ದ. ಈಗ ಬೆನ್ನು ಹಿಡಿದು ಮನೆಯಲ್ಲಿದ್ದಾನೆ. ಹತ್ತೊಂಬತ್ತು ವರ್ಷದಿಂದ ಈಕೆ ದಿನಾ ಮುಂಜಾನೆ ಪ್ಯಾಸೆಂಜರ್ ಗಾಡಿ ಹತ್ತಿ ಬಂದು ನಮ್ಮ ಫೈಲು ಸಾಗಿಸಿ, ಚಹಾ ಕಾಸಿ, ಸಂಜೆ ಅದೇ ಗಾಡಿಗೆ ಹೋಗುತ್ತಾಳೆ. ಯಾರ ಚಹಾಕ್ಕೆ ಸಕ್ಕರೆ ಬೇಡ, ಯಾರು ಬೇಡವೆಂದು ಹೇಳಿ ಒಳಗೊಳಗೇ ಬಯಸುತ್ತಾರೆ, ಎಲ್ಲ ಆಕೆಗೆ ಗೊತ್ತು. ವಿದ್ಯಾರ್ಥಿಗಳಿಗೆ ಆಕೆ ಮಾವಶಿ, ಚಿಕ್ಕಮ್ಮ. ಚೀಲದಲ್ಲಿ ಒಂದು ಡಬ್ಬಿ ಶೇಂಗಾ ಚಟ್ನಿ ಯಾವಾಗಲೂ ಇರುತ್ತದೆ. ಆ ಡಬ್ಬಿಯಿಂದ ಊಟ ಮಾಡದ ಬಡ ಹುಡುಗ ನಮ್ಮ ಸಂಕುಲದಲ್ಲಿ ಡಿಗ್ರಿ ಪಡೆದದ್ದು ನಾನು ಕಂಡಿಲ್ಲ.

ಒಂದೇ ದೋಷ. ವಾರದಲ್ಲಿ ಮೂರು ದಿನ ಹತ್ತೂಮುಕ್ಕಾಲು, ಹನ್ನೊಂದು. ನಮ್ಮಿಬ್ಬರ ಮಾತು ಹತ್ತೊಂಬತ್ತು ವರ್ಷ ಒಂದೇ ಆಗಿತ್ತು.

"ಎಷ್ಟ ಆತು ಟೈಮ, ಜನಾಬಾಯಿ?"

"ಗಾಡಿ ಹೋಟಗ್ಯಾಗ ನಿಂತಿತ್ತರಿ, ಬಾಯಾರ."

"ದಿನಾ ಅದೇ ನೆಪ ಏನ? ಬ್ಯಾರೆ ಯಾವುದರ ಸ್ಟೇಶನ್ ಹುಡಕ."

ಆಕೆ ನಗುತ್ತಿದ್ದಳು, ನಾನು ಗೆರೆ ಎಳೆಯುತ್ತಿದ್ದೆ. ಹೋಟಗಿ, ಸೊಲ್ಲಾಪುರಕ್ಕೆ ಮುಂಚಿನ ಜಂಕ್ಷನ್. ದೊಡ್ಡ ಗಾಡಿಗಳು ಮುಂದೆ ಹೋಗಲೆಂದು ಸಣ್ಣ ಗಾಡಿ ಅಲ್ಲಿ ಬದಿಗೆ ನಿಲ್ಲುತ್ತದೆ, ಇದು ನನಗೆ ಗೊತ್ತಿತ್ತು. ಅದಕ್ಕಿಂತ ಮೊದಲಿನ ಗಾಡಿ ದುಧನಿಯಿಂದ ನಸುಕಿನ ನಾಲ್ಕಕ್ಕೆ ಎಂಬುದೂ ಗೊತ್ತಿತ್ತು. ಗೊತ್ತಿದ್ದರೆ ಏನಾಯಿತು? ನಾನು ಜೀವನದಲ್ಲಿ ಎಂದೂ ಆ ಗಾಡಿಯಲ್ಲಿ ಕೂತವಳಲ್ಲ.

ಹೋದ ವರ್ಷ ಮಾರ್ಚ್ ತಿಂಗಳಲ್ಲಿ ಮೇಲಿನಿಂದ ಒಂದು ಸುತ್ತೋಲೆ ಬಂತು. ಪ್ರತಿ ಸಂಕುಲವೂ ಎಲ್ಲರನ್ನೂ ಒಳಗೊಳ್ಳುವ ಒಂದು ನೀತಿ ಬರೆಯಬೇಕು. ಮರಾಠಿಯಲ್ಲಿ ಅದಕ್ಕೆ ಧೋರಣ. ಜಾತಿ, ಧರ್ಮ, ಭಾಷೆ, ಅಂಗವೈಕಲ್ಯ, ಗಂಡು ಹೆಣ್ಣು, ಹಳ್ಳಿ ಪಟ್ಟಣ ಯಾವುದರಿಂದಲೂ ಯಾರೂ ಹಿಂದೆ ಬೀಳಬಾರದು. ಸಮಿತಿ ಮಾಡಿ, ವಿದ್ಯಾರ್ಥಿಗಳ ಅಹವಾಲು ಕೇಳಿ, ಎಲ್ಲ ಸದಸ್ಯರ ಸಹಿಯೊಡನೆ ತಿಂಗಳೊಳಗೆ ಕಳಿಸಬೇಕು. ಸಂಕುಲದ ಸಂಚಾಲಕ ಲಕ್ಷ್ಮೀಕಾಂತ ಸರ್ ಅಧ್ಯಕ್ಷರಾದರು. ಹೊಸದಾಗಿ ಸೇರಿದ ಪ್ರಾಧ್ಯಾಪಕಿ ಕೇತಕಿ ಮ್ಯಾಡಮ್ ಬರೆಯುವವರು. ನಾನು ಕಾರ್ಯದರ್ಶಿ. ನಾಲ್ಕನೇ ದರ್ಜೆಯ ನೌಕರರ ಪರವಾಗಿ ಒಬ್ಬರು ಇರಲೇಬೇಕು ಎಂದಿತ್ತು, ಆದ್ದರಿಂದ ಜನಾಬಾಯಿ. ಸಭೆಗೆ ಹೇಗೂ ಚಹಾ ತರುತ್ತಾಳಲ್ಲ, ಅನುಕೂಲವಾಯಿತು ಎಂದುಕೊಂಡೆವು. ಹಾಗೆ ಎಂದವಳು ನಾನೇ.

ಮೊದಲ ಸಭೆಯಲ್ಲಿ ಆಕೆ ಚಹಾ ಇಟ್ಟು ಗೋಡೆಗೆ ನಿಂತಳು. ಕೇತಕಿ ಮ್ಯಾಡಮ್ ಕುರ್ಚಿ ಎಳೆದು ಕೂಡಿಸಿದರು. ಕರಡು ಹನ್ನೊಂದು ಪುಟ. ಮ್ಯಾಡಮ್ ಮನಸ್ಸಿಟ್ಟು ಬರೆದಿದ್ದರು, ಅದರಲ್ಲಿ ಎರಡು ಮಾತಿಲ್ಲ. ಜನಾಬಾಯಿ ಕನ್ನಡ ಸಾಲಿಯಲ್ಲಿ ನಾಲ್ಕನೇ ಇಯತ್ತೆ ಓದಿದವಳು, ಮರಾಠಿ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ನನ್ನತ್ತ ಬಾಗಿದಳು.

"ಇದರಾಗ ಏನ ಬರದಾರ್ರಿ, ಬಾಯಾರ?"

"ಯಾರನ್ನೂ ಹೊರಗ ಬಿಡೂದಿಲ್ಲಂತ ಬರದಾರ."

"ಅಷ್ಟಕ್ಕ ಹನ್ನೊಂದ ಹಾಳಿ ಬೇಕಾದ್ವೇನ್ರಿ?" ಎಂದು, ಒಂದು ಪ್ರತಿ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಅದು ಗಾಡಿಯಲ್ಲಿ ಓದಿಸಿಕೊಳ್ಳಲು ಎಂದು ನನಗೆ ಆಮೇಲೆ ತಿಳಿಯಿತು. ಓದಿದವಳು ಮನೀಷಾ. ನಾಗಣಸೂರಿನ ಹುಡುಗಿ, ಎಂ.ಎ. ಎರಡನೇ ವರ್ಷ, ಆ ಊರಿನಲ್ಲಿ ತಮ್ಮ ಓಣಿಯಿಂದ ಇಷ್ಟು ದೂರ ಓದಿದ ಮೊದಲನೆಯವಳು. ಮನೆಯಲ್ಲಿ ಮಾತಾಡುವುದು ಕನ್ನಡ, ಓದಿದ್ದೆಲ್ಲ ಮರಾಠಿ. "ಎರಡ ವರ್ಷ ಕಲಿ, ಅದರ ಮ್ಯಾಲ ಒಂದ ದಿನ ಇಲ್ಲ" ಎಂದು ಅಪ್ಪ ಕರಾರು ಮಾಡಿ ಕಳಿಸಿದ್ದ. ಆ ಎರಡು ವರ್ಷ ಏಪ್ರಿಲ್ ಪರೀಕ್ಷೆಗೆ ಮುಗಿಯುತ್ತಿತ್ತು. ಆದರೆ ಮುಂಜಾನೆ ಹತ್ತರ ಪಾಠದ ತಾಸು ಲಕ್ಷ್ಮೀಕಾಂತ ಸರ್ ಅವರದು. ಕೆಟ್ಟ ಮನುಷ್ಯರಲ್ಲ, ಶಿಸ್ತಿನವರು; ಹತ್ತೂಕಾಲಿಗೆ ಬಾಗಿಲಿಗೆ ಒಳಗಿನಿಂದ ಚಿಲಕ. ಐವತ್ತೆರಡು ತಾಸಿನಲ್ಲಿ ಮನೀಷಾ ಒಳಗಿದ್ದದ್ದು ಇಪ್ಪತ್ನಾಲ್ಕಕ್ಕೆ. ನೂರಕ್ಕೆ ಎಪ್ಪತ್ತೈದು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲ. ಕೂಡಲಾಗದವರ ಪಟ್ಟಿಯನ್ನು ಟೈಪ್ ಮಾಡಿದವಳೂ ನಾನೇ. ಅದರಲ್ಲಿ ಮೊದಲ ಹೆಸರು ಆ ಹುಡುಗಿಯದು.

ಸಂಜೆಯ ಗಾಡಿಯಲ್ಲಿ, ಹೆಂಗಸರ ಬೋಗಿಯಲ್ಲಿ, ಮನೀಷಾ ಓದುತ್ತಾ ಹೋದಳಂತೆ, ಜನಾಬಾಯಿ ಅದನ್ನು ಕನ್ನಡದಲ್ಲಿ ಎಲ್ಲರಿಗೂ ಬಿಡಿಸಿ ಹೇಳಿದಳಂತೆ. ಸೊಪ್ಪು ಮಾರಿ ಮರಳುವ ಹೆಂಗಸರೂ ಕೇಳಿದರು. ಒಬ್ಬಾಕೆ ಕೇಳಿದಳು, "ಎಲ್ಲಾ ಬರದಾರ, ಗಾಡಿದ್ದು ಬರದಾರೇನ?" ಮನೀಷಾ ಹಾಳೆಗಳನ್ನು ತಿರುವಿ ನೋಡಿ, ಇಲ್ಲ ಎಂದಳು. ಹೇಳೂದು ಪುರಾಣ, ತಿನ್ನೂದು ಬದನಿಕಾಯಿ ಎಂದು ಆಕೆ ಬುಟ್ಟಿ ಎತ್ತಿಕೊಂಡು ಮುಂದಿನ ಸ್ಟೇಶನ್ನಿನಲ್ಲಿ ಇಳಿದುಹೋದಳು. ಜನಾಬಾಯಿ ಆ ಹಾಳೆಗಳನ್ನು ಮತ್ತೆ ಮಡಚಿ ಚೀಲಕ್ಕೆ ಹಾಕಿಕೊಂಡಳಂತೆ.

ಅಹವಾಲು ಕೇಳುವ ಸಭೆಯನ್ನು ಬುಧವಾರ ಇಟ್ಟೆವು. ಮುಂಜಾನೆ ಹತ್ತು ಗಂಟೆ. ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳ ಕಷ್ಟವನ್ನು ಕೇಳಬೇಕಾದ ಸಭೆಯನ್ನು, ಅವರು ಹೋಟಗಿಯಲ್ಲಿ ಕೂತಿರುವ ಹೊತ್ತಿಗೇ ಇಟ್ಟವಳು ಈ ಜಾಣೆ. ಹತ್ತೂವರೆವರೆಗೆ ಕಾದೆವು. ವಿಜಾಪುರ ರಸ್ತೆಯ ಇಬ್ಬರು ಹುಡುಗರು ಬಂದು, ಪಂಖಾ ಗಡಗಡ ಸಪ್ಪಳ ಮಾಡುತ್ತದೆ ಎಂದು ಹೇಳಿ ಹೋದರು. ಸರ್ ಗಡಿಯಾರ ನೋಡಿದರು.

"ಯಾರದೂ ಏನೂ ತಕ್ರಾರ ಇಲ್ಲಂತ ಬರೀರಿ," ಎಂದರು.

ಬರೆದೆ. ಸರ್ ಸಹಿ ಮಾಡಿದರು, ನಾನು ಮಾಡಿದೆ, ಕೇತಕಿ ಮ್ಯಾಡಮ್ ಒಲ್ಲದ ಮನಸ್ಸಿನಿಂದ ಮಾಡಿದರು. ಒಂದು ಸಹಿ ಉಳಿಯಿತು.

ಹನ್ನೊಂದೂ ಹತ್ತಕ್ಕೆ ಜನಾಬಾಯಿ ಬಂದಳು. ಹಿಂದೆ ಮನೀಷಾ ಸೇರಿ ಹತ್ತೊಂಬತ್ತು ವಿದ್ಯಾರ್ಥಿಗಳು, ಎಲ್ಲರೂ ಬೆವೆತಿದ್ದರು. ನಾನು ರೂಢಿಯಂತೆ ಬಾಯಿ ತೆರೆಯುವ ಮೊದಲೇ ಸರ್ ಹೇಳಿದರು: "ಸಭಾ ಮುಗದದ, ಜನಾಬಾಯಿ. ಇಲ್ಲೊಂದ ಸಹಿ ಮಾಡು."

ಆಕೆ ಹಾಳೆಯನ್ನು ನೋಡಿದಳು. ಅಕ್ಷರ ಕೂಡಿಸಿ ನಿಧಾನವಾಗಿ ಓದಿದಳು. ಪೆನ್ನು ಮುಟ್ಟಲಿಲ್ಲ.

"ತಕ್ರಾರ ಇಲ್ಲಂತ ಬರದೀರಿ. ತಕ್ರಾರ ಇದ್ದವ್ರು ಈಗ ಬಂದಾರ್ರಿ, ಸಾಹೇಬ್ರ."

"ಟೈಮಿಗೆ ಬರಬೇಕಿತ್ತಲ್ಲ?"

"ಅದೇ ತಕ್ರಾರ್ರಿ," ಎಂದಳು.

ಶಿಪಾಯಿಯೊಬ್ಬಳು ಸಂಚಾಲಕರ ಮುಂದೆ ಪೆನ್ನು ಮುಟ್ಟದೆ ನಿಂತದ್ದನ್ನು ನಾನು ಮೂವತ್ತು ವರ್ಷದ ನೌಕರಿಯಲ್ಲಿ ನೋಡಿರಲಿಲ್ಲ. ಆಕೆ ಸೆರಗಿನ ತುದಿಗೆ ಕಟ್ಟಿದ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಈ ಪೋರಿ ಪರೀಕ್ಷಾಕ್ಕ ಕುಂಡ್ರಬೇಕ್ರಿ. ಈ ಸಲ ತಪ್ಪಿದ್ರ ಅವರಪ್ಪ ಮತ್ತ ಕಳಸೂದಿಲ್ಲ. ಯಾರನ್ನೂ ಹೊರಗ ಬಿಡೂದಿಲ್ಲಂತ ನೀವ ಬರದೀರಿ. ಮತ್ತ ಹತ್ತೂಕಾಲಕ್ಕ ಚಿಲಕ ಯಾಕ ಹಾಕತೀರಿ? ಇಕಿ ಗಾಡಿ ತಡಾ ಆದಾಗೆಲ್ಲಾ ಆ ಬಾಗಲ ಹೊರಗ ನಿಂತ ನೋಟ್ಸ್ ಬರಕೊಂಡಾಳ. ನಾ ನೋಡೀನಿ."

ಸರ್ ಮುಖ ಕೆಂಪಾಯಿತು. "ಗಾಡಿ ತಡಾ ಆಗಿತ್ತಂತ ಎಲ್ಲಾರೂ ಹೇಳತಾರ. ಅದಕ್ಕ ಪುರಾವೆ ಏನ?" ಎಂದರು. ನ್ಯಾಯವಾದ ಪ್ರಶ್ನೆಯೇ. ಕೇತಕಿ ಮ್ಯಾಡಮ್ ಸ್ಟೇಶನ್ನಿಗೆ ಪತ್ರ ಬರೆಯೋಣ ಎಂದರು. ಸುತ್ತೋಲೆಯ ಗಡುವಿಗೆ ಉಳಿದದ್ದು ಎರಡೇ ದಿನ, ಯಾವಾಗ ಬರೆಯುವುದು, ಯಾವಾಗ ಉತ್ತರ ಬರುವುದು?

ಅಷ್ಟರಲ್ಲಿ ಜನಾಬಾಯಿ ನನ್ನತ್ತ ತಿರುಗಿದಳು. "ಬಾಯಾರ ಕಡೆ ಅದ ಅಲ್ರಿ. ನಂದು ಕೆಂಪು."

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎನ್ನುತ್ತಾರಲ್ಲ, ಹಾಗಾಗಿತ್ತು. ಜನಾಬಾಯಿ, ಮನೀಷಾ ಇಬ್ಬರೂ ಒಂದೇ ಗಾಡಿಯವರು. ನಾನು ಎದ್ದು ಮಸ್ಟರು ತಂದೆ. ಮ್ಯಾಡಮ್ ಮನೀಷಾಳ ಗೈರುಹಾಜರಿ ತಾರೀಖು ಓದುತ್ತಾ ಹೋದರು, ನಾನು ಜನಾಬಾಯಿಯ ಸಾಲಿನಲ್ಲಿ ಬೆರಳಿಟ್ಟು ನೋಡುತ್ತಾ ಹೋದೆ. ಕೆಂಪು. ಕೆಂಪು. ಕೆಂಪು. ಇಪ್ಪತ್ತೆಂಟರಲ್ಲಿ ಇಪ್ಪತ್ತಾರು ದಿನ ನನ್ನದೇ ಗೆರೆ, ನನ್ನದೇ ಕೈ, ಪಕ್ಕದಲ್ಲಿ ಬಂದ ಹೊತ್ತನ್ನೂ ನಿಮಿಷ ಸಹಿತ ಬರೆದಿದ್ದೆ. ಉಳಿದ ಎರಡು ದಿನ ಹುಡುಗಿಗೆ ಜ್ವರ. ಇದಕ್ಕಿಂತ ಗಟ್ಟಿ ಪುರಾವೆಯನ್ನು ಯಾವ ಸ್ಟೇಶನ್ ಮಾಸ್ತರೂ ಕೊಡುತ್ತಿರಲಿಲ್ಲ.

ಸರ್ ಮಸ್ಟರನ್ನು ತಮ್ಮ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಮನೀಷಾಳನ್ನು ಕೇಳಿದರು, "ಹೊರಗ ನಿಂತ ನಾ ಹೇಳಿದ್ದ ಕೇಳಸತಿತ್ತೇನ?"

"ಕೇಳಸತಿತ್ತರಿ, ಸರ್. ಬೋರ್ಡಿನ ಮ್ಯಾಲ ಬರದದ್ದ ಅಷ್ಟ ಕಾಣತಿದ್ದಿಲ್ಲ."

ಅವರು "ಯಾರದೂ ತಕ್ರಾರ ಇಲ್ಲ" ಎಂಬ ಹಾಳೆಯನ್ನು ತಾವೇ ಹರಿದರು. ಸಭೆ ಮತ್ತೆ ಶುರುವಾಗಿ ಮಧ್ಯಾಹ್ನದವರೆಗೆ ನಡೆಯಿತು. ಮೊದಲ ತಾಸು ಹನ್ನೊಂದಕ್ಕೆ ಎಂದು ನೀತಿಯಲ್ಲಿ ಸೇರಿತು. ಹಾಗಾದರೆ ಕೊನೆಯ ತಾಸು ತಡವಾಗಿ ಸಂಜೆಯ ಗಾಡಿ ತಪ್ಪುತ್ತದೆ. ದಾರಿ ಇತ್ತು, ಆದರೆ ಹೇಳುವವರು ಯಾರು? ನಮ್ಮಲ್ಲಿ ಊಟದ ಬಿಡುವು ಒಂದೂವರೆ ತಾಸು, ಏಕೆಂದರೆ ಸರ್ ಮನೆಗೆ ಹೋಗಿ ಉಂಡು ತುಸು ಅಡ್ಡಾಗಿ ಬರುತ್ತಾರೆ. ಎಲ್ಲರೂ ಚಾವಣಿ ನೋಡುತ್ತಿದ್ದರು. ಸರ್ ತಾವೇ ಕೆಮ್ಮಿ, "ಬಿಡುವು ಅರ್ಧಾ ತಾಸು ಸಾಕು, ನಾ ಡಬ್ಬಿ ತರತೀನಿ," ಎಂದರು. "ಚಟ್ನಿ ನನ್ನ ಕಡೆ ಇರತದರಿ," ಎಂದಳು ಜನಾಬಾಯಿ. ಆಮೇಲೆ ಪೆನ್ನು ತೆಗೆದುಕೊಂಡು, ಕನ್ನಡದಲ್ಲಿ ದುಂಡಗೆ ಸಹಿ ಮಾಡಿದಳು. ಗಾಡಿಯಿಂದ ತಡವಾದ ದಿನಗಳೂ ಹಾಜರಿಗೆ ಸೇರಿ, ಮನೀಷಾಳ ಹೆಸರು ಪಟ್ಟಿಯಿಂದ ಹೊರಬಿತ್ತು.

ಎಲ್ಲರೂ ಹೋದ ಮೇಲೆ ನಾನು ಕಪಾಟು ತೆರೆದು ಹಳೆಯ ಮಸ್ಟರುಗಳನ್ನು ಇಳಿಸಿದೆ. ಏಕೆ ಇಳಿಸಿದೆನೋ ನನಗೇ ಗೊತ್ತಿಲ್ಲ. ಹತ್ತೊಂಬತ್ತು ವರ್ಷದ ಕೆಂಪು. ಪ್ರತಿ ವರ್ಷ ಆಗಸ್ಟ್ ಬರುವಷ್ಟರಲ್ಲಿ ಆಕೆಯ ಸೂಟಿ ಎಲ್ಲ ಮುಗಿದಿತ್ತು. ಆಗ ನೆನಪಾಯಿತು, ಎರಡು ವರ್ಷದ ಹಿಂದೆ ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವ ದಿನವೂ ಆಕೆ ಕೆಲಸಕ್ಕೆ ಬಂದಿದ್ದಳು. "ಯಾಕ ಬಂದಿ, ಮನ್ಯಾಗ ಕಾರ್ಯ ಅದ ಅಲ್ಲ?" ಎಂದು ಕೇಳಿದ್ದೆ. "ಸೂಟಿ ಉಳದಿಲ್ಲರಿ," ಎಂದು ನಗುತ್ತಾ ನನಗೆ ಪೇಢೆ ಕೊಟ್ಟಿದ್ದಳು. ಆ ಪೇಢೆಯನ್ನು ನಾನು ತಿಂದಿದ್ದೆ. ನನಗೆ ನಾಚಿಕೆಯಾಯಿತು, ಕಣ್ಣಲ್ಲಿ ನೀರು ಬಂತು. ಸಿಟ್ಟೂ ಬಂತು, ಈ ಸಲ ಬೈಯಲು ಎದುರಿಗೆ ನನ್ನನ್ನು ಬಿಟ್ಟು ಯಾರೂ ಇರಲಿಲ್ಲ. ಮರುದಿನ ಕೇತಕಿ ಮ್ಯಾಡಮ್ ಹತ್ತಿರ ಹೋಗಿ ನೀತಿಯಲ್ಲಿ ಇನ್ನೊಂದು ಸಾಲು ಬರೆಸಿದೆ: ಗಾಡಿಯಿಂದ ತಡವಾದರೆ ನೌಕರರಿಗೂ ಕೆಂಪು ಗೆರೆ ಇಲ್ಲ, ಸಂಜೆ ಗಾಡಿಗೆ ಹೊತ್ತಾಗುವವರೆಗೆ ಕೆಲಸ ತುಂಬಿಕೊಟ್ಟರೆ ಸಾಕು. ಜನಾಬಾಯಿಗೆ ಓದಿ ಹೇಳಿದೆ. "ಮತ್ತ ನೀವ ಮುಂಜಾನೆದ್ದು ಯಾರಿಗೆ ಬಯ್ಯತೀರಿ, ಬಾಯಾರ?" ಎಂದು ಕೇಳಿದಳು.

ಜೂನ್ ಕೊನೆಗೆ ಫಲಿತಾಂಶ ಬಂತು. ಮನೀಷಾ ಮೊದಲ ದರ್ಜೆಯಲ್ಲಿ ಪಾಸು. ಜನಾಬಾಯಿ ತನ್ನ ಮನೆಯಲ್ಲೇ ಊಟ ಇಟ್ಟು ಕರೆದಳು. "ರವಿವಾರ ಬರ್ರಿ. ಎಣ್ಣಿಗಾಯಿ ಮಾಡತೀನಿ, ಮೊಮ್ಮಗಳನ್ನೂ ನೋಡೀರಂತ. ಹನ್ನೆರಡಕ್ಕ ದುಧನ್ಯಾಗ ಇರಬೇಕ ನೋಡ್ರಿ." ಸರಿಯಾಗಿ ಹನ್ನೆರಡಕ್ಕೆ ಎಂದು ಮಾತು ಕೊಟ್ಟೆ. ಟೈಮಿನ ವಿಷಯದಲ್ಲಿ ನನ್ನ ಹೆಸರು ಗೊತ್ತಲ್ಲ.

ಜೀವನದಲ್ಲಿ ಮೊದಲ ಸಲ ಆ ಪ್ಯಾಸೆಂಜರ್ ಹತ್ತಿದೆ. ಕಿಟಕಿ ಪಕ್ಕ ಜಾಗ ಸಿಕ್ಕಿತು, ಪೇಢೆಯ ಡಬ್ಬಿ ತೊಡೆಯ ಮೇಲೆ. ಹೋಟಗಿಯಲ್ಲಿ ಗಾಡಿ ನಿಂತಿತು. ಒಂದು ಎಕ್ಸ್‌ಪ್ರೆಸ್ ಹೋಯಿತು. ಇನ್ನೊಂದು ಹೋಯಿತು. ಗಡಿಯಾರ ನೋಡಿದೆ, ಎದ್ದು ಬಾಗಿಲವರೆಗೆ ಹೋಗಿ ಬಂದೆ, ಮತ್ತೆ ಗಡಿಯಾರ ನೋಡಿದೆ. ಎದುರಿನ ಮುದುಕಿ ಎಲೆ ಅಡಿಕೆ ಮಡಚುತ್ತಾ, "ಕುಂಡ್ರವ್ವಾ, ನೀ ಎದ್ದ ನಿಂತ್ರ ಅದೇನ ಹೊಂಡತದ?" ಎಂದಳು. ಕೂತೆ. ಐವತ್ತೈದು ನಿಮಿಷ.

ದುಧನಿಯಲ್ಲಿ ಇಳಿದಾಗ ಜನಾಬಾಯಿ ಬೇವಿನ ಗಿಡದ ನೆರಳಿನಲ್ಲಿ ಮೊಮ್ಮಗಳನ್ನು ಬಗಲಿಗೆತ್ತಿಕೊಂಡು ನಿಂತಿದ್ದಳು, ಪಕ್ಕದಲ್ಲಿ ಮನೀಷಾ. ನಾನು ಬೆವರು ಒರೆಸಿಕೊಂಡು ಹತ್ತಿರ ಹೋದೆ. ಆಕೆ ಸ್ಟೇಶನ್ನಿನ ಗಡಿಯಾರ ನೋಡಿದಳು, ನನ್ನನ್ನು ನೋಡಿದಳು.

"ಎಷ್ಟ ಆತರಿ ಟೈಮ, ಬಾಯಾರ?"

"ಗಾಡಿ ಹೋಟಗ್ಯಾಗ ನಿಂತಿತ್ತ, ಜನಾಬಾಯಿ," ಎಂದೆ.

"ಎಲ್ಲಾರದೂ ಅದೇ ನೆಪ ಏನ್ರಿ?" ಎಂದಳು ಆಕೆ, ನನ್ನ ಕೈಯಿಂದ ಪೇಢೆಯ ಡಬ್ಬಿ ಇಸಿದುಕೊಂಡು ಕೂಸನ್ನು ನನ್ನ ತೋಳಿಗೆ ಕೊಡುತ್ತಾ. "ಬ್ಯಾರೆ ಯಾವುದರ ಸ್ಟೇಶನ್ ಹುಡಕ್ರಿ."