ಮಾಕುಟ್ಟದಲ್ಲಿ ನಿಂತ ಹೊಸ ಕಾರು

ಮದ್ರಾಸ್ ರಾಜ್ಯ ಮುಗಿದು ಕೊಡಗು ರಾಜ್ಯ ಶುರುವಾಗುವ ಮಾಕುಟ್ಟದ ಗೇಟಿನಲ್ಲಿ ನಮ್ಮ ಬಾಡಿಗೆ ಕಾರು ಒಂದು ಗಂಟೆಯಿಂದ ಬಾನೆಟ್ ತೆರೆದುಕೊಂಡು ನಿಂತಿತ್ತು. ಕೊಂಡು ಮೂರೇ ತಿಂಗಳಾದ ಕಾರು. ತಪಾಸಣೆಗೆಂದು ಆಫ್ ಮಾಡಿದ ಎಂಜಿನ್ ಮತ್ತೆ ಸ್ಟಾರ್ಟ್ ಆಗಲಿಲ್ಲ. ವಿರಾಜಪೇಟೆಯ ಆಸ್ಪತ್ರೆಯಲ್ಲಿದ್ದ ತಂಗಿಗೆ ತಲಚೇರಿಯಿಂದ ತಂದ ಔಷಧಿ ನನ್ನ ಮಡಿಲಲ್ಲಿತ್ತು, ಸಂಜೆಯೊಳಗೆ ಮುಟ್ಟಿಸಬೇಕು. ದಾರಿಯುದ್ದಕ್ಕೂ ಆ ಎಂಜಿನ್ನನ್ನು ಹೊಗಳಿ ನನ್ನ ತಲೆ ತಿಂದಿದ್ದ ಡ್ರೈವರ್ ಈಗ ಅದನ್ನು ಮುಟ್ಟಲೂ ಹೆದರಿ ಸುಮ್ಮನೆ ನೋಡುತ್ತಿದ್ದ.

ಅಷ್ಟರಲ್ಲಿ ಹಿಂದಿನಿಂದ ಗಡಗಡ ಸದ್ದು ಮಾಡುತ್ತ ಒಂದು ಮುದಿ ಕಾರು ಬಂತು. ಯಾವುದೋ ಎಸ್ಟೇಟಿನ ಬಿಳಿ ದೊರೆ ಇಂಗ್ಲೆಂಡಿಗೆ ವಾಪಸು ಹೋಗುವಾಗ ಬಿಟ್ಟುಹೋದದ್ದಂತೆ. ಎಲ್ಲರಿಗೂ ಎಂಜಿನ್ ಆಫ್ ಮಾಡಿ ಎನ್ನುವ ಗೇಟಿನವನು ಇದಕ್ಕೆ ಮಾತ್ರ ಏನೂ ಹೇಳಲಿಲ್ಲ.

"ಬನ್ನಿ, ಹತ್ತಿ," ಎಂದ ಅದರ ಡ್ರೈವರ್ ಮೊಯ್ದು.

"ಇದು ಘಟ್ಟ ಹತ್ತುತ್ತಾ?"

"ಇದಕ್ಕೆ ಏನೇನು ಕಾಯಿಲೆ ಉಂಟು ಅಂತ ನಂಗೆ ಗೊತ್ತುಂಟು ಸಾರ್. ನಿಮ್ದಕ್ಕೆ ಏನು ಅಂತ ಇನ್ನೂ ಯಾರಿಗೂ ಗೊತ್ತಿಲ್ಲ."

ಹಿಂದಿನ ಸೀಟಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಇದೇ ಮಾದರಿಯ, ಗುಜರಿಗೆ ಬಿದ್ದ ಇನ್ನೊಂದು ಕಾರನ್ನು ಬಿಚ್ಚಿ, ಅದರ ಎಂಜಿನ್ನಿನ ಒಂದೊಂದು ಭಾಗವನ್ನೂ ಹಳೇ ಬಟ್ಟೆಯಲ್ಲಿ ಸುತ್ತಿ ಅಲ್ಲಿ ಜೋಡಿಸಿದ್ದ. ಔಷಧಿಯನ್ನು ಅಪ್ಪಿಕೊಂಡು ಮೊಣಕಾಲು ಗಲ್ಲಕ್ಕೆ ತಾಗುವಂತೆ ಮುದುರಿ ಕೂತೆ.

ನಾಲ್ಕನೇ ತಿರುವಿನಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು. ನಾನು ಗಡಿಯಾರ ನೋಡಿದೆ. ಮೊಯ್ದು ತಿರುಗಿಯೂ ನೋಡದೆ ಕೈಯನ್ನು ಹಿಂದಕ್ಕೆ ಚಾಚಿದ.

"ನಿಮ್ಮ ಎಡಗಾಲಿನ ಹತ್ರ ನೀಲಿ ಬಟ್ಟೆಯಲ್ಲಿ ಸುತ್ತಿದ್ದುಂಟಲ್ಲ, ಅದು ಕೊಡಿ."