ನೂರ ಅರವತ್ತಮೂರು, ಎಲ್ಲರೂ ಹಾಜರ್

1998ರಲ್ಲಿ ನಾನು ಪುಣೆ ಬಳಿಯ ಚಾಕಣದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯ ವೆಲ್‌ಫೇರ್ ಆಫೀಸರ್ ಆಗಿದ್ದೆ. ಧಾರವಾಡದಲ್ಲಿ ಎಂ.ಎಸ್.ಡಬ್ಲ್ಯೂ. ಮುಗಿಸಿ ಪುಣೆಗೆ ಬಂದು ಒಂಬತ್ತು ವರ್ಷವಾಗಿತ್ತು. ಧನಕವಡಿಯಲ್ಲಿ ಮನೆ, ದಿನಾ ಬೆಳಿಗ್ಗೆ ಕಂಪನಿ ಬಸ್ಸು ಹಿಡಿದು ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಪ್ರಯಾಣ. ಕ್ಯಾಂಟೀನು, ಪ್ರಥಮ ಚಿಕಿತ್ಸೆ, ಸಮವಸ್ತ್ರದ ತಕರಾರು, ವರ್ಷಕ್ಕೊಮ್ಮೆ ಕಾರ್ಮಿಕರ ಕುಟುಂಬಗಳ ಪಿಕ್‌ನಿಕ್, ಇವೆಲ್ಲ ನನ್ನ ಮೇಜಿಗೆ ಬರುತ್ತಿದ್ದವು. ಫೈರ್ ಡ್ರಿಲ್ ದಿನ ಹಾಜರಿ ತೆಗೆದುಕೊಳ್ಳುವ ಕೆಲಸವೂ ನನ್ನದೇ.

ಆ ಡ್ರಿಲ್ ಹೇಗೆ ನಡೆಯುತ್ತಿತ್ತು ಎಂದು ಮೊದಲು ಹೇಳಬೇಕು. ಸೈರನ್ ಆದೊಡನೆ ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ಗೇಟಿನ ಪಕ್ಕದ ಬೇವಿನ ಮರದ ಹತ್ತಿರ ಸೇರಬೇಕು. ಪ್ರತಿ ವಿಭಾಗದ ಫೋರ್‌ಮನ್ ತನ್ನ ಪಟ್ಟಿಯ ಟೋಕನ್ ನಂಬರುಗಳನ್ನು ಕೂಗಿ, ಲೆಕ್ಕ ಸರಿಹೋದ ಮೇಲೆ ನನಗೆ ಹೇಳುತ್ತಾನೆ. ಎಲ್ಲ ವಿಭಾಗಗಳೂ ಸರಿಯಾದಾಗ ನಾನು ಮೈಕಿನಲ್ಲಿ ಒಟ್ಟು ಸಂಖ್ಯೆ ಹೇಳಿ “ಎಲ್ಲರೂ ಹಾಜರ್” ಎನ್ನುತ್ತೇನೆ. ಆ ಮಾತು ಬಂದ ಮೇಲೆ ಯಾರೂ ಯಾರನ್ನೂ ಹುಡುಕುವುದಿಲ್ಲ.

ಕ್ಯಾಂಟೀನಿನವರು ಮಾತ್ರ ಡ್ರಿಲ್‌ಗೆ ಬರುತ್ತಿರಲಿಲ್ಲ. ಅವರು ಗುತ್ತಿಗೆದಾರನ ಜನ; ಅವರ ಪಟ್ಟಿ ಗುತ್ತಿಗೆದಾರನ ಹತ್ತಿರ. ಒಮ್ಮೆ ಅವರೂ ಡ್ರಿಲ್‌ಗೆ ಬಂದು ಊಟ ನಲವತ್ತು ನಿಮಿಷ ತಡವಾಗಿ ದೊಡ್ಡ ಗಲಾಟೆಯಾಗಿತ್ತು. ಆಮೇಲೆ ನಾನೇ ಒಂದು ಟಿಪ್ಪಣಿ ಬರೆದು ಕ್ಯಾಂಟೀನಿನ ಗೋಡೆಗೆ ಹಚ್ಚಿಸಿದ್ದೆ: ಡ್ರಿಲ್ ಸಮಯದಲ್ಲಿ ಅಡುಗೆಯವರು ಒಲೆ ಬಿಟ್ಟು ಬರಬೇಕಾಗಿಲ್ಲ. ಕೆಳಗೆ ನನ್ನ ಸಹಿ.

ಆ ವರ್ಷ ಪಿಕ್‌ನಿಕ್‌ಗೆ ಪುಣೆಯಿಂದ ಎರಡು ಗಂಟೆ ದೂರದ ನದಿಯ ಕಮರಿಯೊಂದನ್ನು ಆರಿಸಿದೆವು. ಅಲ್ಲಿ ನದಿ ಕಪ್ಪು ಬಂಡೆಯನ್ನು ಆಳವಾಗಿ ಕೊರೆದು, ಎತ್ತರದ ಎರಡು ಗೋಡೆಗಳ ನಡುವೆ ಹರಿಯುತ್ತದೆ. ದಂಡೆಯುದ್ದಕ್ಕೂ ಜನ ಬಂದು ಕೂರುವ ಜಾಗಗಳು ಮೂರು. ಒಂದು ವಾರ ಮೊದಲೇ ಹೋಗಿ ಮೂರನ್ನೂ ನೋಡಿ ಬಂದಿದ್ದೆ. ಮೇಲಿನದು ಕಟಾಂಜನ ಹಾಕಿದ ಉದ್ಯಾನ. ನೆರಳಿತ್ತು, ನೀರಿನ ನಲ್ಲಿ ಇರಲಿಲ್ಲ. ನಡುವಿನದು ಬಸ್ಸು ನಿಲ್ಲುವ ಬಯಲು. ಅಲ್ಲಿಂದ ಮೆಟ್ಟಿಲಿಳಿದರೆ ಮೂರನೆಯದು, ನದಿಗೆ ತಾಗಿಕೊಂಡ ಅಗಲವಾದ ಹಾಸುಬಂಡೆ. ಮೆಟ್ಟಿಲ ಬಾಯಲ್ಲಿ ಬಣ್ಣ ಹೋದ ಫಲಕವೊಂದು, ಮೇಲಿನ ಅಣೆಕಟ್ಟೆಯಿಂದ ಯಾವಾಗ ಬೇಕಾದರೂ ನೀರು ಬರಬಹುದು ಎಂದು ಮರಾಠಿಯಲ್ಲಿ ಎಚ್ಚರಿಸುತ್ತಿತ್ತು. ಅದನ್ನು ಓದಿದೆ. ಶುಕ್ರವಾರ ಅಣೆಕಟ್ಟೆಯ ಕಚೇರಿಗೆ ಫೋನ್ ಮಾಡಿ ವಿಚಾರಿಸಿದೆ. ಭಾನುವಾರ ನೀರು ಬಿಡುವ ಯೋಚನೆ ಇಲ್ಲ ಎಂದರು. ಶನಿವಾರ ರಾತ್ರಿ ಘಟ್ಟದ ಮೇಲೆ ಸುರಿದ ಮಳೆ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಪಾತ್ರೆ ತೊಳೆಯಲು ನೀರು ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಕೆಳಗಿನ ಜಾಗವನ್ನು ಆರಿಸಿದ್ದೆ.

ಸೆಪ್ಟೆಂಬರಿನ ಆ ಭಾನುವಾರ ನಾಲ್ಕು ಬಸ್ಸುಗಳಲ್ಲಿ ಡ್ರೈವರುಗಳೂ ಸೇರಿ ನೂರ ಅರವತ್ತಮೂರು ಜನ ಹೊರಟೆವು. ನಮಗಿಂತ ಮೊದಲೇ, ಬೆಳಗಿನ ಜಾವ ಟೆಂಪೊದಲ್ಲಿ ಪಾತ್ರೆ ಪಗಡಗಳ ಜೊತೆ ಅಡುಗೆಯ ನಾರಾಯಣಣ್ಣ ಮತ್ತು ಅವನ ಹೆಂಡತಿ ಗಿರಿಜಕ್ಕ ಹೋಗಿದ್ದರು. ಇಬ್ಬರೂ ಕುಂದಾಪುರ ಕಡೆಯವರು. ನಾರಾಯಣಣ್ಣನಿಗೆ ಐವತ್ತು ದಾಟಿತ್ತು. ಪುಣೆಯ ಹೋಟೆಲುಗಳಲ್ಲಿ ಇಪ್ಪತ್ತು ವರ್ಷ ದುಡಿದು ನಮ್ಮ ಕ್ಯಾಂಟೀನಿಗೆ ಬಂದಿದ್ದ. ಮಾತು ಕಡಿಮೆ. ಯಾರಾದರೂ ಸಾರು ಚೆನ್ನಾಗಿಲ್ಲ ಎಂದರೆ ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿ ಮುಂದೆ ಹೋಗುತ್ತಿದ್ದ.

ನಾವು ತಲುಪಿದಾಗ ಅವನು ಹಾಸುಬಂಡೆಯ ಮೇಲೇ ಭಟ್ಟಿ ಹೂಡಿದ್ದ. ಭಟ್ಟಿ ಎಂದರೆ ಸೀಮೆಎಣ್ಣೆಯನ್ನು ಗಾಳಿ ಒತ್ತಡದಲ್ಲಿ ಉರಿಸುವ ದೊಡ್ಡ ಒಲೆ. ಹೊತ್ತಿಸಿದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸದಷ್ಟು ಸದ್ದು. ಅದರ ಸದ್ದು, ವಾಸನೆ ಹೆಂಗಸರು ಮಕ್ಕಳು ಕೂರುವಲ್ಲಿಗೆ ಬೇಡ ಎಂದು ನಾನೇ ಬೇರೆ ಜಾಗ ತೋರಿಸಿದೆ. ನದಿಯೊಳಗೆ ಎದೆಯೆತ್ತರದ ಒಂದು ಬಂಡೆ, ಮೇಲೆ ಕೋಣೆಯಷ್ಟು ಸಮತಟ್ಟು. ನಡುವೆ ಮೊಣಕಾಲು ಮುಳುಗದಷ್ಟು ನೀರು, ದಾಟಲು ನಾಲ್ಕು ಕಲ್ಲು. ನಾರಾಯಣಣ್ಣ ಒಮ್ಮೆ ಆ ಕಲ್ಲುಗಳನ್ನು ನೋಡಿ, “ಆಯ್ತ್ ಮೇಡಂ” ಎಂದು ಪಾತ್ರೆ ಹೊತ್ತು ದಾಟಿದ. ಅಲ್ಲಿಂದಲೇ ನಮಗೆಲ್ಲ ಅವಲಕ್ಕಿ, ಚಹಾ ಬಂತು. ನೂರ ಅರವತ್ತಮೂರು ಜನರೂ ಅವನ ಕೈಯಿಂದ ತಿಂದೆವು. ಮೊಸರು ತರಲು ಟೆಂಪೊ ಹಳ್ಳಿಗೆ ಹೋಯಿತು. ಅವನು ಅಕ್ಕಿ ತೊಳೆಯಲು ಕೂತ.

ಹನ್ನೊಂದೂವರೆಯ ಸುಮಾರಿಗೆ ಹಗ್ಗಜಗ್ಗಾಟಕ್ಕೆ ತಯಾರಿ ನಡೆದಿತ್ತು. ತಗಡು ಒತ್ತುವ ಪ್ರೆಸ್ ಶಾಪಿನವರಿಗೂ ಬಿಡಿಭಾಗ ಜೋಡಿಸುವ ಅಸೆಂಬ್ಲಿಯವರಿಗೂ ಪ್ರತಿ ವರ್ಷದ ಹಗೆ. ಪ್ರೆಸ್ ಶಾಪಿನ ಫೋರ್‌ಮನ್ ಗುರುಪಾದಪ್ಪ ವಿಜಾಪುರದವರು. ಹೊಸ ನೈಲಾನ್ ಹಗ್ಗವನ್ನು ತಾವೇ ತಂದಿದ್ದರು. ಅಸೆಂಬ್ಲಿಯವರನ್ನು ಕೆಣಕುತ್ತ, ಸ್ಕ್ರೂ ತಿರುವೋ ಕೈಗೆ ಹಗ್ಗ ಭಾಳ ಭಾರ ಆಗ್ತದ, ನಿಮಗ ಸುತಳಿ ತರಬೇಕಿತ್ತು ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು.

ಆಗ ಕೆಳಗಡೆ ಬಟ್ಟೆ ಒಗೆಯುತ್ತಿದ್ದ ಊರಿನ ಹೆಂಗಸೊಬ್ಬಳು ಒದ್ದೆ ಬಟ್ಟೆಗಳನ್ನು ಹಾಗೇ ಬಾಚಿ ಹೆಗಲಿಗೆ ಹಾಕಿಕೊಂಡು ಓಡುತ್ತ ಬಂದಳು. “ಬಾಯೀ, ವರ ಚಲಾ. ಪಾಣೀ ಯೇತಯ,” ಎಂದಳು. ಮೇಲೆ ನಡೆಯಿರಿ, ನೀರು ಬರುತ್ತಿದೆ. ನನಗೆ ಯಾವ ನೀರೂ ಕಾಣಲಿಲ್ಲ. ಅವಳು ಬೆರಳು ಮಾಡಿ ತೋರಿಸಿದಾಗ ಕಂಡಿತು: ತಿಳಿಯಾಗಿದ್ದ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು, ಅದರ ಮೇಲೆ ಹಸಿ ಎಲೆ, ಕಡ್ಡಿ ತೇಲುತ್ತಿದ್ದವು.

ನಾನು ಸೀಟಿ ಊದಿದೆ. ಡ್ರಿಲ್‌ನ ಅಭ್ಯಾಸ ಇಷ್ಟು ವರ್ಷಗಳಲ್ಲಿ ಮೊದಲ ಸಲ ನಿಜವಾದ ಕೆಲಸಕ್ಕೆ ಬಂತು. ಚಪ್ಪಲಿ, ಚೀಲ ಬಿಟ್ಟು ಮಕ್ಕಳನ್ನು ಎತ್ತಿಕೊಂಡು ಎಲ್ಲರೂ ಮೆಟ್ಟಿಲು ಹತ್ತಿದರು. ಗುರುಪಾದಪ್ಪ ಹಗ್ಗವನ್ನು ಹೆಗಲಿಗೆ ಸುತ್ತಿಕೊಂಡೇ ಹತ್ತಿದರು. ಬಸ್ಸಿನ ಬಯಲಿನಿಂದ ನದಿ ಕಾಣುವುದಿಲ್ಲ; ಬಂಡೆಯ ತಿರುವು ಅಡ್ಡ. ಅಲ್ಲಿ ನಾಲ್ಕೂ ಬಸ್ಸುಗಳ ಪಟ್ಟಿ ಓದಿಸಿದೆ. ಒಂದನೇ ಬಸ್ಸು ಸರಿ. ಎರಡು ಸರಿ. ಮೂರು ಸರಿ. ನಾಲ್ಕರಲ್ಲಿ ಒಂದು ಮಗು ಕಡಿಮೆ ಬಂತು. ಅದು ಎರಡನೇ ಬಸ್ಸಿನಲ್ಲಿ ಅಜ್ಜಿಯ ತೊಡೆಯ ಮೇಲಿತ್ತು. ಮತ್ತೊಮ್ಮೆ ಎಣಿಸಿದೆವು. ನಾನು ಗಡಿಯಾರ ನೋಡಿಕೊಂಡೆ. ಕಾರ್ಖಾನೆಯ ಯಾವ ಡ್ರಿಲ್‌ಗಿಂತಲೂ ಕಡಿಮೆ ಸಮಯದಲ್ಲಿ ಮುಗಿದಿತ್ತು. ಆ ಹೊತ್ತಿನಲ್ಲಿ ನನಗೆ ಹೆಮ್ಮೆಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

“ನೂರ ಅರವತ್ತಮೂರು. ಎಲ್ಲರೂ ಹಾಜರ್,” ಎಂದೆ. ಮೇಲಿನ ಉದ್ಯಾನಕ್ಕೆ ಹೋಗೋಣ ಎಂದು ಡ್ರೈವರುಗಳಿಗೆ ಕೈ ಮಾಡಿದೆ. ಮೊದಲ ಬಸ್ಸು ಹೊರಟಿತು.

ನಾನು ಎರಡನೇ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆ. ಹಿಂದಿನಿಂದ ಗುರುಪಾದಪ್ಪ ಸಹಜವಾಗಿ ಕೇಳಿದರು:

“ಬಾಯಾರ, ಊಟ ಎಲ್ಲೆ ಉಳೀತ್ರಿ?”

ಮೊದಲು ನನಗೆ ನೆನಪಾದದ್ದು ಅನ್ನದ ಪಾತ್ರೆ. ಪಾತ್ರೆಯ ನಂತರ ಬಂಡೆ. ಆಮೇಲೆ ಆ ಇಬ್ಬರು. ಈ ಕ್ರಮಕ್ಕಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ಮೆಟ್ಟಿಲು ಹೇಗೆ ಇಳಿದೆನೋ ತಿಳಿಯದು; ಹಗ್ಗದ ಸಮೇತ ಗುರುಪಾದಪ್ಪ, ಉಳಿದ ಬಸ್ಸುಗಳ ಗಂಡಸರು ಹಿಂದೆಯೇ ಓಡಿಬಂದರು. ನಾವು ಆಟಕ್ಕೆ ಗೆರೆ ಎಳೆದಿದ್ದ ಹಾಸುಬಂಡೆ ಅರ್ಧ ಮುಳುಗಿತ್ತು. ದಾಟುವ ನಾಲ್ಕು ಕಲ್ಲು ಇದ್ದವೆಂಬ ಗುರುತೂ ಇರಲಿಲ್ಲ. ಅಲ್ಲಿ ಕೆಂಪು ನೀರು ನುಗ್ಗಿ ಹರಿಯುತ್ತಿತ್ತು. ಆಚೆ ಬಂಡೆಯ ಮೇಲೆ ನಾರಾಯಣಣ್ಣ, ಗಿರಿಜಕ್ಕ ಒಬ್ಬರ ತೋಳು ಒಬ್ಬರು ಹಿಡಿದು ನಿಂತಿದ್ದರು. ನೀರು ಅವರ ಪಾದದ ಮಟ್ಟಕ್ಕೆ ಬಂದಿತ್ತು. ಭಟ್ಟಿ ಆರಿತ್ತು. ಅನ್ನದ ದೊಡ್ಡ ಪಾತ್ರೆ ಒಲೆಯಿಂದ ಉರುಳಿ ನೀರಿಗೆ ಬಿದ್ದು, ಬಂಡೆಗೆ ಬಡಿದು, ತಿರುಗಿ, ನಮ್ಮ ಕಣ್ಣೆದುರೇ ತಿರುವಿನಾಚೆ ಹೋಯಿತು.

ಗಿರಿಜಕ್ಕ ಏನೋ ಕೂಗುತ್ತಿದ್ದಳು. ಒಂದು ಅಕ್ಷರವೂ ಕೇಳಿಸುತ್ತಿರಲಿಲ್ಲ.

ಈಜುತ್ತೇನೆಂದು ಅಸೆಂಬ್ಲಿಯ ಒಬ್ಬ ಅಂಗಿ ಬಿಚ್ಚಿದ. ಗುರುಪಾದಪ್ಪ ಅವನ ರಟ್ಟೆ ಹಿಡಿದು ಹಿಂದಕ್ಕೆಳೆದು, “ಮೂರನೇದವನ್ನ ಎಣಿಸೂ ಹಾಂಗ ಮಾಡಬ್ಯಾಡ,” ಎಂದರು. ಅವರು ಮೂವತ್ತು ವರ್ಷ ಕ್ರೇನಿನ ಕೊಕ್ಕೆಗೆ ಭಾರವಾದ ಉಕ್ಕಿನ ಡೈ ಅಚ್ಚುಗಳನ್ನು ಕಟ್ಟಿ ಎತ್ತಿಸಿದವರು. ಖಾಲಿ ನೀರಿನ ಕ್ಯಾನಿನ ಮುಚ್ಚಳ ಬಿಗಿದು, ಹಗ್ಗದ ತುದಿಗೆ ಕಟ್ಟಿ, ದಂಡೆಯ ಮೇಲೆ ಹರಿವಿಗೆ ಎದುರಾಗಿ ಇಪ್ಪತ್ತು ಹೆಜ್ಜೆ ಹೋಗಿ ನೀರಿಗೆ ಬಿಟ್ಟರು. ಕ್ಯಾನು ಬಂಡೆಯಿಂದ ದೂರ ಹರಿದುಹೋಯಿತು. ಎಳೆದುಕೊಂಡು ಮತ್ತೆ ಬಿಟ್ಟರು. ಅದು ನಾರಾಯಣಣ್ಣನ ಬೆರಳಿಗೆ ತಾಗಿ ಜಾರಿತು. ಅಷ್ಟರಲ್ಲಿ ನೀರು ಅವರ ಮೊಣಕಾಲಿಗೆ ಬಂದಿತ್ತು. ಮೂರನೇ ಸಲ ಅವನು ಕ್ಯಾನಿನ ಮೇಲೆ ಬಿದ್ದು ತಬ್ಬಿಕೊಂಡ.

ಗುರುಪಾದಪ್ಪ ಮಾತು ಬಿಟ್ಟು, ಕ್ರೇನ್ ಡ್ರೈವರಿಗೆ ತೋರಿಸುವ ಹಾಗೆ ಕೈ ಸನ್ನೆ ಮಾಡಿದರು: ನಡುವಿಗೆ ಬೇಡ, ಕಂಕುಳ ಕೆಳಗೆ ಸುತ್ತು, ಗಂಟು ಎದೆಯ ಮುಂದೆ. ನಾರಾಯಣಣ್ಣ ಮೊದಲು ಹೆಂಡತಿಗೆ ಕಟ್ಟಿದ. ಅವಳು ಒಲ್ಲೆ ಎಂದು ತಲೆಯಾಡಿಸುತ್ತಿದ್ದಳು. ಅವನು ಅವಳ ಮುಖವನ್ನು ಎರಡು ಕೈಯಲ್ಲಿ ಹಿಡಿದು ಏನೋ ಹೇಳಿ, ಹಿಂದಿನಿಂದ ನೂಕಿದ. ಈಚೆ ಪ್ರೆಸ್ ಶಾಪಿನವರೂ ಅಸೆಂಬ್ಲಿಯವರೂ ಹಗ್ಗದ ಒಂದೇ ತುದಿ ಹಿಡಿದಿದ್ದರು. ಗುರುಪಾದಪ್ಪನವರ ಕೈ ಇಳಿದಾಗ ಹೆಜ್ಜೆ ಹಿಂದೆ, ಎತ್ತಿದಾಗ ನಿಲ್ಲು. ಗಿರಿಜಕ್ಕ ದಡಕ್ಕೆ ಬಂದಳು. ಬಂದವಳೇ ನನ್ನ ಸೆರಗು ಹಿಡಿದು, “ಅವ್ರ್ ಬಂದ್ರಾ? ಅವ್ರ್ ಬಂದ್ರಾ?” ಎಂದಳು.

ಕ್ಯಾನು ಮತ್ತೆ ಹೋಯಿತು. ಈ ಸಲ ಮೊದಲ ಯತ್ನದಲ್ಲೇ ಸಿಕ್ಕಿತು. ನೀರು ಅವನ ಸೊಂಟದ ಮೇಲಿತ್ತು. ಕಟ್ಟಿಕೊಂಡು ಇಳಿದ. ಅರ್ಧ ದಾರಿಯಲ್ಲಿ ಹಗ್ಗ ಬಂಡೆಯ ಸಂದಿಗೆ ಸಿಕ್ಕಿ ನಿಂತುಬಿಟ್ಟಿತು. ಅವನ ತಲೆ ನೀರೊಳಗೆ ಹೋಯಿತು. ನಾನು ಎಣಿಸತೊಡಗಿದೆ. ಯಾಕೆ ಎಣಿಸಿದೆನೋ, ಎಣಿಸುವುದು ಬಿಟ್ಟು ನನಗೇನು ಗೊತ್ತಿತ್ತು. ಹದಿನೇಳಕ್ಕೆ ಗುರುಪಾದಪ್ಪ ಹಗ್ಗವನ್ನು ಪೂರ್ತಿ ಸಡಿಲ ಬಿಡಿಸಿ, ಎಲ್ಲರನ್ನೂ ಬಲಕ್ಕೆ ಓಡಿಸಿ ಮತ್ತೆ ಎಳೆಸಿದರು. ಇಪ್ಪತ್ತಮೂರಕ್ಕೆ ಬಿಳಿಗೂದಲ ತಲೆ ಮೇಲೆ ಬಂತು.

ಅವನ ಬಲ ಭುಜದ ಕೀಲು ತಪ್ಪಿತ್ತು, ಎರಡು ಪಕ್ಕೆಲುಬು ಮುರಿದಿದ್ದವು. ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋಗುವಾಗ ನಾನು ಪಕ್ಕದಲ್ಲಿ ಕೂತಿದ್ದೆ. ಸೀಟಿ ಕೇಳಿಸಲಿಲ್ಲವೇ ಎಂದು ಕೇಳಿದೆ. ಭಟ್ಟಿಯ ಸದ್ದಿನಲ್ಲಿ ಕೇಳಿಸಲಿಲ್ಲ, ಆದರೆ ನೀವೆಲ್ಲ ಮೆಟ್ಟಿಲು ಹತ್ತುವುದು ಕಂಡಿತು ಎಂದ.

“ಕಂಡ ಮೇಲೆ ಯಾಕ ಬರಲಿಲ್ರಿ?”

“ಡ್ರಿಲ್ಲ್ ಅಂದ್ಕಂಡೆ, ಮೇಡಂ. ಅನ್ನ ಒಲಿ ಮೇಲ್ ಇತ್ತ್. ಡ್ರಿಲ್ಲಲ್ಲಿ ನಾವ್ ಒಲಿ ಬಿಟ್ಟ್ ಬಪ್ಪುಕಿಲ್ಲ ಅಂದೇಳಿ ನೀವೇ ಬರ್ದದ್ದಲ್ದಾ?”

ಅವನ ದನಿಯಲ್ಲಿ ದೂರು ಇರಲಿಲ್ಲ. ನನಗೆ ಗೊತ್ತಿಲ್ಲದ್ದೇನೋ ಇದೆ ಎಂಬಂತೆ ವಿವರಿಸುತ್ತಿದ್ದ. ಗಿರಿಜಕ್ಕ ಬಾ ಎಂದು ಕೈ ಎಳೆದಳಂತೆ. ಹಾಗೇನಾದರೂ ಇದ್ದರೆ ಮೇಡಂ ಕರೆಯುತ್ತಾರೆ ಎಂದನಂತೆ.

ಸೋಮವಾರ ವರದಿ ಬರೆಯಬೇಕಿತ್ತು. ‘ನಮ್ಮ ನೌಕರರಲ್ಲಿ ಯಾರಿಗೂ ಅಪಾಯವಾಗಿಲ್ಲ’ ಎಂದು ಬರೆದರೆ ಸಾಕು, ಅದು ಸುಳ್ಳೇನಲ್ಲ ಎಂದು ಮ್ಯಾನೇಜರ್ ಸಮಾಧಾನವಾಗಿಯೇ ಹೇಳಿದರು. ಸ್ಥಳದಲ್ಲಿದ್ದವರ ಸಂಖ್ಯೆ ಎಂಬ ಕಡೆ ನನ್ನ ಕೈ ರೂಢಿಯಿಂದ ನೂರ ಅರವತ್ತಮೂರು ಎಂದೇ ಬರೆದಿತ್ತು. ಅದನ್ನು ಹೊಡೆದುಹಾಕಿ ನೂರ ಅರವತ್ತೈದು ಎಂದು ಬರೆದೆ, ಗೋಡೆಯ ಟಿಪ್ಪಣಿಯ ಪ್ರತಿಯನ್ನೂ ಲಗತ್ತಿಸಿದೆ. ಮೂಲ ಟಿಪ್ಪಣಿಯನ್ನು ನಾನೇ ಹೋಗಿ ಕಿತ್ತೆ. ಅಂಟು ಗಟ್ಟಿಯಾಗಿತ್ತು, ನನ್ನ ಸಹಿ ಇದ್ದ ಮೂಲೆ ಗೋಡೆಯಲ್ಲೇ ಉಳಿಯಿತು.

ಡಿಸೆಂಬರಿನ ಡ್ರಿಲ್‌ನಲ್ಲಿ ಗೇಟಿನೊಳಗಿದ್ದ ಎಲ್ಲರ ಹೆಸರೂ ಒಂದೇ ಪಟ್ಟಿಯಲ್ಲಿತ್ತು: ಕ್ಯಾಂಟೀನು, ತೋಟ, ಲಾರಿ ಡ್ರೈವರುಗಳು, ಅಂದು ಯಾರನ್ನೋ ಕಾಣಲು ಬಂದಿದ್ದ ಇಬ್ಬರು. ಕ್ಯಾಂಟೀನಿನಿಂದ ಶುರುಮಾಡಿದೆ. ನಾರಾಯಣ ಎಂದು ಕೂಗಿದಾಗ ಅವನು ಕೈ ಎತ್ತಲು ಹೋದ. ಭುಜ ಅಷ್ಟು ಮೇಲೆ ಬರಲಿಲ್ಲ.

“ಇದ್ದೆ ಮೇಡಂ. ಒಲಿ ಆರ್ಸಿಯೇ ಬಂದದ್ದ್.”

ಊಟ ಆ ದಿನವೂ ನಲವತ್ತು ನಿಮಿಷ ತಡವಾಯಿತು. ಗುರುಪಾದಪ್ಪ ಮರದ ಕೆಳಗೆ ನಿಂತು ತಮ್ಮವರ ಮುಖಗಳನ್ನು ಒಮ್ಮೆ ನೋಡಿದರು. ಯಾರೂ ತಕರಾರು ತೆಗೆಯಲಿಲ್ಲ.

ಪಟ್ಟಿ ಸರಿಹೋದರೆ ಜನ ಸರಿಹೋದರೆಂದಲ್ಲ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಅದನ್ನೂ ತಡವಾಗಿ. ನಾನು ‘ಎಲ್ಲರೂ ಹಾಜರ್’ ಎಂದದ್ದಕ್ಕೂ ಗುರುಪಾದಪ್ಪ ಊಟ ಕೇಳಿದ್ದಕ್ಕೂ ನಡುವೆ ಎರಡು ನಿಮಿಷವೂ ಇರಲಿಲ್ಲ. ನಮ್ಮ ಬಸ್ಸೂ ಹೊರಟುಬಿಟ್ಟಿದ್ದರೆ ಎಂದು ಈಗಲೂ ಮತ್ತೆ ಮತ್ತೆ ಲೆಕ್ಕ ಹಾಕುತ್ತೇನೆ. ಗುರುಪಾದಪ್ಪನವರಿಗೆ ಹಸಿವಾಗಿತ್ತು, ಅದಕ್ಕೆ ಕೇಳಿದರು. ಬೆಳಿಗ್ಗೆ ನಾರಾಯಣಣ್ಣ ಅವರ ತಟ್ಟೆಗೆ ಇನ್ನೊಂದು ಸೌಟು ಅವಲಕ್ಕಿ ಹಾಕಿದ್ದರೆ, ಆ ಮಧ್ಯಾಹ್ನ ಅವನನ್ನು ಯಾರೂ ಹುಡುಕುತ್ತಿರಲಿಲ್ಲ.